ಯರಿ ಹೊಲಕ್ಕೆ ಮಿನಿ ಟ್ರ್ಯಾಕ್ಟರ್: ಕೊಳ್ಳುವ ಮುನ್ನ, ಕೊಂಡ ಮೇಲೆ

ಮಿನಿ ಟ್ರ್ಯಾಕ್ಟರ್ ಎಂದು ಷೋರೂಮಿನಲ್ಲಿ ತೋರಿಸುವ ಗಾಡಿಗಳು ಸಾಮಾನ್ಯವಾಗಿ 15ರಿಂದ 30 ಎಚ್‌ಪಿ ಒಳಗಿನವು. ದ್ರಾಕ್ಷಿ ತೋಟ, ಕಬ್ಬಿನ ಸಾಲು, ತರಕಾರಿ ಮಡಿಗಳಲ್ಲಿ ಇವು ಹೆಸರು ಮಾಡಿವೆ. ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳ ಹೊಲಗಳ ಮಾತು ಬೇರೆ. ಇಲ್ಲಿನ ಮುಖ್ಯ ಬೆಳೆಗಳು ಹತ್ತಿ, ತೊಗರಿ ಮತ್ತು ಹೆಸರು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿಯುವ ಕಡೆ ಭತ್ತ ಬೆಳೆಯುತ್ತಾರೆ. ನೆಲ ಹೆಚ್ಚಿನ ಕಡೆ ಯರಿ, ಯಾದಗಿರಿ ಮತ್ತು ಗುರುಮಠಕಲ್ ಸುತ್ತ ಮಸಾರಿಯೂ ಉಂಟು. ಮಸಾರಿಯಲ್ಲಿ ಸಲೀಸಾಗಿ ಓಡುವ ಗಾಡಿ ಯರಿಯಲ್ಲಿ ಏದುಸಿರು ಬಿಡುತ್ತದೆ. ಆದ್ದರಿಂದ ಕಂಪನಿ, ಬಣ್ಣ, ಬೆಲೆ ನೋಡುವ ಮೊದಲು ಹೊಲ ಯಾವುದು, ಕೆಲಸ ಯಾವುದು ಎಂದು ಬರೆದಿಟ್ಟುಕೊಳ್ಳಬೇಕು.

ಯಾವ ಕೆಲಸಕ್ಕೆ ಬೇಕು

ಬೇಸಿಗೆಯಲ್ಲಿ ಯರಿ ಹೊಲಕ್ಕೆ ಆಳವಾದ ನೇಗಿಲು ಹೊಡೆಯುವುದು ಮಿನಿ ಟ್ರ್ಯಾಕ್ಟರಿನ ಕೆಲಸವಲ್ಲ. ಒಣಗಿ ಬಿರಿದ ಯರಿ ಮಣ್ಣು ಹೆಂಟೆಹೆಂಟೆಯಾಗಿ ಏಳುತ್ತದೆ. ಅದನ್ನು ಒಂದು ಅಡಿ ಆಳಕ್ಕೆ ಮಗುಚಲು 45-50 ಎಚ್‌ಪಿ ಗಾಡಿಯೇ ಬೇಕು. ಮಿನಿ ಗಾಡಿಗೆ ಆ ನೇಗಿಲು ಕಟ್ಟಿದರೆ ಮುಂಭಾಗ ಎದ್ದು ಚಕ್ರ ಜಾರುತ್ತದೆ, ಕ್ಲಚ್ ಸುಡುತ್ತದೆ. ತೊಗರಿ ರಾಶಿ ಮಾಡುವ ದೊಡ್ಡ ಯಂತ್ರ ತಿರುಗಿಸುವುದೂ ಇದರಿಂದ ಆಗದು. ಈ ಎರಡು ಕೆಲಸ ವರ್ಷಕ್ಕೊಮ್ಮೆ ಬರುವಂಥವು. ಬಾಡಿಗೆ ಗಾಡಿಯಿಂದ ಮಾಡಿಸುವುದೇ ಲೇಸು.

ಮಿನಿ ಟ್ರ್ಯಾಕ್ಟರ್ ನಿಜವಾಗಿ ಉಪಯೋಗಕ್ಕೆ ಬರುವುದು ನೇಗಿಲು ಹೊಡೆದ ಮೇಲಿನ ಕೆಲಸಗಳಿಗೆ. ಹರಗುವುದು, ಕೂರಿಗೆಯಲ್ಲಿ ಬಿತ್ತುವುದು, ಎಡೆ ಹೊಡೆಯುವುದು, ಔಷಧ ಸಿಂಪಡಿಸುವುದು, ಗೊಬ್ಬರ ಮತ್ತು ಹತ್ತಿ ಚೀಲ ಸಾಗಿಸುವುದು ಇದರ ಪಾಲು. ಇವುಗಳಲ್ಲಿ ಎಡೆ ಕೆಲಸವೇ ದೊಡ್ಡದು. ಮೃಗಶಿರಾ, ಆರಿದ್ರಾ ಮಳೆಗಳ ನಡುವೆ ಹೊಲ ಹದಕ್ಕೆ ಬಂದಾಗ ಊರಿಗೆ ಊರೇ ಎಡೆ ಹೊಡೆಯಲು ಇಳಿಯುತ್ತದೆ, ಎತ್ತು ಇದ್ದವರ ಹಿಂದೆ ಸರದಿ ನಿಲ್ಲಬೇಕಾಗುತ್ತದೆ. ಹದ ತಪ್ಪಿದರೆ ಕಳೆ ಬೆಳೆಯನ್ನೇ ಮೀರುತ್ತದೆ. ಆ ನಾಲ್ಕಾರು ದಿನಗಳಲ್ಲಿ ಗಾಡಿ ಸ್ವಂತದ್ದಾಗಿರುವುದೇ ಅದರ ನಿಜವಾದ ಬೆಲೆ.

ಲೆಕ್ಕ ಹಾಕುವುದು

ಕೊಳ್ಳಬೇಕೋ ಬೇಡವೋ ಎಂಬುದನ್ನು ಗಂಟೆಯ ಲೆಕ್ಕ ಹೇಳುತ್ತದೆ. ಒಂದು ಉದಾಹರಣೆ. ಗಾಡಿಗೆ 5.5 ಲಕ್ಷ, ಕುಂಟೆ, ಕಲ್ಟಿವೇಟರ್, ರೋಟವೇಟರ್, ಸ್ಪ್ರೇಯರ್‌ಗೆ 1.5 ಲಕ್ಷ, ಒಟ್ಟು 7 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಹತ್ತು ವರ್ಷದ ಮೇಲೆ ಹತ್ತನೇ ಒಂದು ಪಾಲು ಬೆಲೆ ಉಳಿದರೆ ವರ್ಷಕ್ಕೆ 63,000 ರೂಪಾಯಿ ಸವಕಳಿ. ಸರಾಸರಿ ಬಂಡವಾಳಕ್ಕೆ ನೂರಕ್ಕೆ 10ರಂತೆ ಬಡ್ಡಿ 38,500. ವಿಮೆ ಮತ್ತು ನಿಲ್ಲಿಸುವ ತಗಡಿನ ಶೆಡ್ಡಿಗೆ 10,000 ಹಿಡಿದರೆ ಗಾಡಿ ಅಂಗಳದಲ್ಲಿ ಸುಮ್ಮನೆ ನಿಂತರೂ ವರ್ಷಕ್ಕೆ 1,11,500 ರೂಪಾಯಿ ಖರ್ಚು.

ಈಗ ದುಡಿಮೆಯ ಕಡೆ ನೋಡಬೇಕು. ಐದು ಎಕರೆ ಹತ್ತಿ ಹೊಲಕ್ಕೆ ಎರಡು ಸಲ ಹರಗುವುದು, ಒಂದು ಸಲ ಬಿತ್ತುವುದು, ನಾಲ್ಕು ಸಲ ಎಡೆ, ಐದು ಸಲ ಸಿಂಪಡಣೆ. ಎಕರೆಗೆ ಸುಮಾರು ಒಂದೊಂದು ಗಂಟೆ ಹಿಡಿದರೂ ಇಡೀ ವರ್ಷಕ್ಕೆ 60 ಗಂಟೆ. ಆಗ ಡೀಸೆಲ್, ಡ್ರೈವರ್ ಕೂಲಿ ಸೇರಿಸುವ ಮೊದಲೇ ಗಂಟೆಗೆ 1,850 ರೂಪಾಯಿ ಮೀರುತ್ತದೆ. ಆ ದುಡ್ಡಿಗೆ ಬಾಡಿಗೆಗೆ ದೊಡ್ಡ ಗಾಡಿಯೇ ಬರುತ್ತದೆ. ಅಕ್ಕಪಕ್ಕದ ಹೊಲಗಳ ಕೆಲಸ ಹಿಡಿದು ವರ್ಷಕ್ಕೆ 200 ಗಂಟೆ ಓಡಿಸಿದರೆ ಅದೇ ಖರ್ಚು ಗಂಟೆಗೆ 560 ರೂಪಾಯಿಯ ಆಸುಪಾಸಿಗೆ ಇಳಿಯುತ್ತದೆ, 500 ಗಂಟೆ ಓಡಿದರೆ 225ಕ್ಕೆ. ಹಾಗಾಗಿ ಐದು ಎಕರೆಗಿಂತ ಕಡಿಮೆ ಹೊಲದವರು ಒಂಟಿಯಾಗಿ ಸಾಲ ಮಾಡಿ ಮಿನಿ ಟ್ರ್ಯಾಕ್ಟರ್ ಕೊಳ್ಳುವುದು ಸರಿಯಲ್ಲ. ಅಣ್ಣತಮ್ಮಂದಿರು ಕೂಡಿ ಕೊಂಡರೆ, ಇಲ್ಲವೇ ಮನೆಯ ಹುಡುಗನೊಬ್ಬ ಬಾಡಿಗೆ ಹೊಡೆಯಲು ಗಟ್ಟಿ ಮನಸ್ಸು ಮಾಡಿದ್ದರೆ ಮಾತ್ರ ಲೆಕ್ಕ ಕೂಡುತ್ತದೆ. ಉಳಿದವರಿಗೆ ಹೋಬಳಿಗಳಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳ ಬಾಡಿಗೆ ಯಂತ್ರಗಳಿವೆ. ಕೊಳ್ಳಬೇಕೆಂದಿರುವವರೂ ಒಂದು ಹಂಗಾಮು ಅಲ್ಲಿನ ಗಾಡಿಯನ್ನೇ ಬಾಡಿಗೆಗೆ ತಂದು ನೋಡಿದರೆ ತಮ್ಮ ಹೊಲಕ್ಕೆ ಬೇಕಾದ ಗಂಟೆ ಎಷ್ಟೆಂದು ಖಾತ್ರಿಯಾಗುತ್ತದೆ.

ಸಾಲು ಮತ್ತು ಚಕ್ರ

ಎಡೆ ಹೊಡೆಯಲೆಂದು ಕೊಂಡ ಗಾಡಿ ಸಾಲಿನಲ್ಲಿ ಹಿಡಿಸದಿದ್ದರೆ ಅಷ್ಟೂ ದುಡ್ಡು ನೀರಿಗೆ ಹಾಕಿದಂತೆ. ಹತ್ತಿಯನ್ನು ಬಹಳ ಕಡೆ ಮೂರು ಅಡಿ ಸಾಲಿಗೆ ಬಿತ್ತುತ್ತಾರೆ, ತೊಗರಿಗೆ ಮೂರರಿಂದ ನಾಲ್ಕು ಅಡಿ. ಸಣ್ಣ ಮಾದರಿಗಳಲ್ಲಿ ಹಿಂದಿನ ಎರಡು ಚಕ್ರಗಳ ನಡುಗೆರೆಯಿಂದ ನಡುಗೆರೆಗೆ ಇರುವ ಕನಿಷ್ಠ ಅಂತರ 71 ಸೆಂಟಿಮೀಟರ್ ಆಸುಪಾಸು. ಟೈರಿನ ಅಗಲ ಸುಮಾರು 21 ಸೆಂಟಿಮೀಟರ್ ಸೇರಿಸಿದರೆ ಗಾಡಿಯ ಒಟ್ಟು ಅಗಲ 92 ಸೆಂಟಿಮೀಟರ್, ಅಂದರೆ ಮೂರು ಅಡಿಗಿಂತ ತುಸು ಹೆಚ್ಚೇ. ಅಷ್ಟು ಇಕ್ಕಟ್ಟಾದ ಗಾಡಿಯೂ ಮೂರು ಅಡಿ ಸಾಲಿನ ನಡುವೆ ಹಾಯುವುದಿಲ್ಲ. ನಾಲ್ಕು ಅಡಿ ಸಾಲಿನಲ್ಲಾದರೆ ಎರಡೂ ಬದಿಗೆ ಅರ್ಧ ಅಡಿ ಬಿಡುವು ಸಿಗುತ್ತದೆ.

ಮೂರು ಅಡಿ ಸಾಲಿನವರಿಗೆ ಇನ್ನೊಂದು ದಾರಿಯಿದೆ. ಚಕ್ರಗಳ ಅಂತರವನ್ನು ಸರಿಯಾಗಿ ಮೂರು ಅಡಿಗೆ ಹೊಂದಿಸಿದರೆ ಒಂದು ಸಾಲು ಗಾಡಿಯ ಹೊಟ್ಟೆಯ ಕೆಳಗೆ ಬರುತ್ತದೆ, ಚಕ್ರಗಳು ಅದರ ಎರಡು ಪಕ್ಕದ ಎಡೆಯಲ್ಲಿ ನಡೆಯುತ್ತವೆ. ಹೊಟ್ಟೆಯ ಕೆಳಗಿನ ಎತ್ತರ ಒಂದು ಅಡಿಯ ಆಸುಪಾಸು ಇರುವುದರಿಂದ ಗಿಡ ಅಷ್ಟು ಎತ್ತರ ಆಗುವವರೆಗೆ, ಬಿತ್ತಿದ ಮೊದಲ ಒಂದು ತಿಂಗಳಷ್ಟೇ ಇದು ನಡೆಯುತ್ತದೆ. ಆಮೇಲೆ ಎತ್ತು ಇಲ್ಲವೇ ಕೈ ವೀಡರ್. ಆದ್ದರಿಂದ ಗಾಡಿ ತರುವವರು ಮುಂದಿನ ಹಂಗಾಮಿಗೆ ಸಾಲಿನ ಅಂತರವನ್ನೂ ಗಾಡಿಗೆ ತಕ್ಕಂತೆ ಬದಲಿಸಿಕೊಳ್ಳಬೇಕಾಗಬಹುದು. ಸಾಲು ಅಗಲ ಮಾಡಿದರೆ ಗಿಡದಿಂದ ಗಿಡಕ್ಕೆ ಎಷ್ಟು ಅಂತರ ಇಡಬೇಕೆಂಬುದನ್ನು ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಇಲ್ಲವೇ ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯದಲ್ಲಿ ಕೇಳಬಹುದು. ಎರಡೂ ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದವು. ಹೊಲದ ಕೊನೆಯಲ್ಲಿ ಗಾಡಿ ತಿರುಗಿಸಲು ಒಡ್ಡಿನ ಬದಿಗೆ ಎಂಟು-ಹತ್ತು ಅಡಿ ಜಾಗ ಬಿಡಲು ಮರೆಯಬಾರದು.

ಮಾದರಿ ಆರಿಸುವುದು

ಯರಿ ಹೊಲಕ್ಕೆ ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಒಳ್ಳೆಯದು. ಮಳೆ ಬಿದ್ದ ಮಾರನೆಯ ದಿನ ಯರಿ ಮಣ್ಣು ಟೈರಿಗೆ ಮೆತ್ತಿಕೊಂಡಾಗ ಎರಡು ಚಕ್ರದ ಹಗುರ ಗಾಡಿ ನಿಂತಲ್ಲೇ ಗರಗರ ತಿರುಗುತ್ತದೆ. ಮಸಾರಿಯಲ್ಲಿ ಎರಡು ಚಕ್ರದ್ದೂ ಸಾಕು, ಬೆಲೆಯೂ ಕಡಿಮೆ. ಮಾರುಕಟ್ಟೆಯಲ್ಲಿ ಮಹೀಂದ್ರಾ ಯುವರಾಜ್ 215 ಎರಡು ಚಕ್ರದ 15 ಎಚ್‌ಪಿ ಗಾಡಿ. ಮಹೀಂದ್ರಾ ಜೀವೋ 245 ಮತ್ತು ಕುಬೋಟಾ ನಿಯೋಸ್ಟಾರ್ ಬಿ2441 ನಾಲ್ಕು ಚಕ್ರದವು, ಎರಡೂ 24 ಎಚ್‌ಪಿ. ಜಾನ್ ಡಿಯರ್ 3028 ಇಎನ್ 28 ಎಚ್‌ಪಿಯದು. ಬೆಂಗಳೂರಿನ ವಿಎಸ್‌ಟಿ ಕಂಪನಿ, ಸ್ವರಾಜ್, ಸೋನಾಲಿಕಾದವರ ಸಣ್ಣ ಗಾಡಿಗಳೂ ಇವೆ. ಈ ಭಾಗದ ಹತ್ತಿ-ತೊಗರಿ ಯರಿಗೆ 24ರಿಂದ 28 ಎಚ್‌ಪಿ, ನಾಲ್ಕು ಚಕ್ರದ ಗಾಡಿಯೇ ಸರಿಯಾದ ಅಳತೆ.

ಹೆಸರಿನ ಪಕ್ಕ ಬರೆದಿರುವ ಎಚ್‌ಪಿ ಎಂಜಿನ್ನಿನದು. ರೋಟವೇಟರ್, ಸ್ಪ್ರೇಯರ್ ತಿರುಗಿಸುವುದು ಹಿಂದಿನ ಪಿಟಿಒ ಶಾಫ್ಟ್. ಅಲ್ಲಿಗೆ ತಲುಪುವಷ್ಟರಲ್ಲಿ ಶಕ್ತಿ ಕಡಿಮೆಯಾಗಿರುತ್ತದೆ. ಆದ್ದರಿಂದ ಡೀಲರನ್ನು ಕೇಳಬೇಕಾದದ್ದು ಪಿಟಿಒ ಎಚ್‌ಪಿ ಎಷ್ಟು, ಹೈಡ್ರಾಲಿಕ್ ಎಷ್ಟು ಕೆ.ಜಿ. ಎತ್ತುತ್ತದೆ ಎಂಬುದನ್ನು. ಈ ಗುಂಪಿನ ಬಹುಪಾಲು ಗಾಡಿಗಳದು 750 ಕೆ.ಜಿ. ಆಸುಪಾಸು. ಮಧ್ಯಪ್ರದೇಶದ ಬುಧ್ನಿಯಲ್ಲಿರುವ ಕೇಂದ್ರ ಸರ್ಕಾರದ ಯಂತ್ರ ಪರೀಕ್ಷಾ ಸಂಸ್ಥೆ ಮಾದರಿಗಳನ್ನು ಪರೀಕ್ಷಿಸಿ ವರದಿ ಕೊಡುತ್ತದೆ. ಪಿಟಿಒ ಶಕ್ತಿ, ಡೀಸೆಲ್ ಖರ್ಚು, ಎತ್ತುವ ಶಕ್ತಿ ಎಲ್ಲವೂ ಅದರಲ್ಲಿರುತ್ತವೆ. ಜಾಹೀರಾತಿನ ಕಾಗದಕ್ಕಿಂತ ಆ ವರದಿ ನಂಬಿಕೆಗೆ ಅರ್ಹ.

ಇದಕ್ಕಿಂತಲೂ ಮುಖ್ಯ, ಗಾಡಿಯನ್ನು ಸ್ವಂತ ಹೊಲದಲ್ಲೇ ಓಡಿಸಿ ನೋಡುವುದು. ಡೆಮೊ ಕೊಡಲು ಒಪ್ಪದ ಡೀಲರ ಹತ್ತಿರ ಕೊಳ್ಳಬಾರದು. ಹಿಂದಿನ ಚಕ್ರದ ಮೇಲೆ ಸುಣ್ಣದಿಂದ ಒಂದು ಗೆರೆ ಎಳೆಯಬೇಕು. ಯಾವ ಸಾಮಾನೂ ಕಟ್ಟದೆ ಚಕ್ರ ಹತ್ತು ಸುತ್ತು ತಿರುಗುವವರೆಗೆ ಓಡಿಸಿ ದೂರ ಅಳೆಯಬೇಕು. ಅದು 100 ಅಡಿ ಬಂತೆನ್ನಿ. ಈಗ ಕುಂಟೆ ಅಥವಾ ಕಲ್ಟಿವೇಟರ್ ಮಣ್ಣಿಗಿಳಿಸಿ ಅದೇ ಹತ್ತು ಸುತ್ತು ಓಡಿಸಬೇಕು. 85 ಅಡಿಗಿಂತ ಕಡಿಮೆ ಬಂದರೆ ಚಕ್ರ ನೂರಕ್ಕೆ 15ಕ್ಕಿಂತ ಹೆಚ್ಚು ಜಾರಿದೆ ಎಂದರ್ಥ. ಆ ಹೊಲಕ್ಕೆ ಆ ಗಾಡಿ ಹಗುರಾಯಿತು, ಇಲ್ಲವೇ ಸಾಮಾನು ಭಾರವಾಯಿತು. ಟೈರಿಗೆ ನೀರು ತುಂಬಿಸಿ, ಮುಂದೆ ತೂಕ ಕಟ್ಟಿ ಮತ್ತೊಮ್ಮೆ ನೋಡಬಹುದು. ಆಗಲೂ ಜಾರಿದರೆ ಬೇರೆ ಮಾದರಿ ನೋಡುವುದು ಒಳ್ಳೆಯದು.

ಷೋರೂಮು ಯಾದಗಿರಿಯಲ್ಲಿದ್ದು ಬಿಡಿಭಾಗಕ್ಕೆ ಕಲಬುರಗಿ ಅಥವಾ ರಾಯಚೂರಿಗೆ ಓಡಬೇಕಾದರೆ ಹದದ ಹೊತ್ತಿಗೆ ಗಾಡಿ ಮೂಲೆ ಹಿಡಿಯುತ್ತದೆ. ಅದೇ ಮಾದರಿಯನ್ನು ಎರಡು ವರ್ಷ ಓಡಿಸಿದ ರೈತರನ್ನು ಹತ್ತಿರದ ಊರುಗಳಲ್ಲಿ ಹುಡುಕಿ, ಫಿಲ್ಟರ್, ಕ್ಲಚ್ ಪ್ಲೇಟ್ ಎಷ್ಟು ದಿನಕ್ಕೆ ಸಿಗುತ್ತವೆ, ಮೆಕ್ಯಾನಿಕ್ ಹೊಲಕ್ಕೆ ಬರುತ್ತಾನೋ ಇಲ್ಲವೋ ಕೇಳಬೇಕು.

ದುಡ್ಡಿನ ಏರ್ಪಾಡು

2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ನೂರಕ್ಕೆ 12ರಿಂದ 5ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 5 ಲಕ್ಷದ ಗಾಡಿಗೆ ಇದು 35,000 ರೂಪಾಯಿ ಉಳಿತಾಯ. ಕೊಟೇಶನ್ ತರುವಾಗ ಗಾಡಿಯ ಬೆಲೆ, ತೆರಿಗೆ, ವಿಮೆ, ನೋಂದಣಿ ಬೇರೆ ಬೇರೆ ಬರೆಸಿ ಕನಿಷ್ಠ ಮೂರು ಡೀಲರರದನ್ನು ಹೋಲಿಸಬೇಕು.

ಸಬ್ಸಿಡಿ ಬೇಕಿದ್ದರೆ ಗಾಡಿ ಕೊಳ್ಳುವ ಮೊದಲೇ ರೈತ ಸಂಪರ್ಕ ಕೇಂದ್ರಕ್ಕೆ ಹೋಗಬೇಕು. ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ, ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಬೇಕಾಗುತ್ತವೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಜಾತಿ ಪ್ರಮಾಣಪತ್ರ ಬೇಕು, ಅವರ ಸಬ್ಸಿಡಿ ಮೊತ್ತವೂ ಹೆಚ್ಚು. ಅರ್ಜಿ ಕೆ-ಕಿಸಾನ್ ತಂತ್ರಾಂಶದಲ್ಲಿ ಏರುತ್ತದೆ. ಗುರಿ ಮತ್ತು ಮೊತ್ತವನ್ನು ಇಲಾಖೆ ವರ್ಷಕ್ಕೊಮ್ಮೆ ಗೊತ್ತುಮಾಡುವುದರಿಂದ ಹಣಕಾಸು ವರ್ಷದ ಮೊದಲಲ್ಲೇ ವಿಚಾರಿಸಿದವರಿಗೆ ಅವಕಾಶ ಹೆಚ್ಚು. ಮಂಜೂರಾತಿ ಪತ್ರ ಕೈಗೆ ಬರುವ ತನಕ ಡೀಲರಿಗೆ ಮುಂಗಡ ಕೊಡಬಾರದು.

ಸಾಲಕ್ಕೆ ಮೊದಲು ಪ್ರಾಥಮಿಕ ಸಹಕಾರಿ ಸಂಘ ಮತ್ತು ಪಿಎಲ್‌ಡಿ ಬ್ಯಾಂಕನ್ನು ಕೇಳಬೇಕು. 2023ರ ಜುಲೈ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ಸಹಕಾರಿ ಸಂಸ್ಥೆಗಳ ಮಧ್ಯಮಾವಧಿ, ದೀರ್ಘಾವಧಿ ಕೃಷಿ ಸಾಲವನ್ನು ನೂರಕ್ಕೆ 3ರ ಬಡ್ಡಿಯಲ್ಲಿ 15 ಲಕ್ಷದವರೆಗೆ ಏರಿಸಿತ್ತು. ಅಲ್ಲಿ ಸಿಗದಿದ್ದರೆ ಗ್ರಾಮೀಣ ಬ್ಯಾಂಕ್, ರಾಷ್ಟ್ರೀಕೃತ ಬ್ಯಾಂಕ್. ಷೋರೂಮಿನಲ್ಲೇ ಕೂತಿರುವ ಫೈನಾನ್ಸ್‌ನವರ ಸಾಲ ಒಂದೇ ದಿನದಲ್ಲಿ ಸಿಗುತ್ತದೆ, ಬಡ್ಡಿ ಮಾತ್ರ ಮೈಮೇಲೆ ಬರುತ್ತದೆ. ಎಲ್ಲಿ ಸಾಲ ತೆಗೆದರೂ ಕಂತನ್ನು ತಿಂಗಳಿಗೆ ಬರೆಸದೆ ಆರು ತಿಂಗಳಿಗೊಮ್ಮೆ, ಹತ್ತಿ ಮತ್ತು ತೊಗರಿ ಮಾರಿ ಕೈಗೆ ಹಣ ಬರುವ ಕಾಲಕ್ಕೆ ಬರೆಸಬೇಕು.

ಹಳೆ ಗಾಡಿಯಾದರೆ

ಶಹಾಪುರ, ಸುರಪುರದ ಕಾಲುವೆ ಬಯಲಿನ ಹಳೆ ಗಾಡಿಗಳು ಬಹುಪಾಲು ಕೇಜ್‌ವೀಲ್ ಹಾಕಿ ಭತ್ತದ ಗದ್ದೆ ಕಲಸಿದವು. ಸೀಲ್ ಸವೆದಿದ್ದರೆ ಮುಂದಿನ ಆಕ್ಸಲ್‌ಗೆ ಕೆಸರು ನೀರು ನುಗ್ಗಿರುತ್ತದೆ. ಆಕ್ಸಲ್ ಬೋಲ್ಟ್ ಬಿಚ್ಚಿಸಿ ಆಯಿಲ್ ನೋಡಬೇಕು. ಅದು ಹಾಲಿನಂತೆ ಬೆಳ್ಳಗಿದ್ದರೆ ನೀರು ಬೆರೆತಿದೆ, ಒಳಗಿನ ಬೇರಿಂಗ್ ಹೋಗಿದೆ ಎಂದೇ ಲೆಕ್ಕ. ರೋಟವೇಟರ್ ಎತ್ತಿ ಎಂಜಿನ್ ಬಂದ್ ಮಾಡಿ ಹತ್ತು ನಿಮಿಷ ಬಿಡಬೇಕು. ಸಾಮಾನು ತಾನಾಗಿ ಕೆಳಗಿಳಿದರೆ ಹೈಡ್ರಾಲಿಕ್ ಸೋರುತ್ತಿದೆ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರ ಮತ್ತು ನಮೂನೆ 35 ಪಡೆಯದೆ ಹಣ ಕೊಡಬಾರದು. ಹೆಸರು ಬದಲಾವಣೆಗೆ ನಮೂನೆ 29 ಮತ್ತು 30 ಬೇಕು. ಚಾಸಿ ಮತ್ತು ಎಂಜಿನ್ ನಂಬರನ್ನು ಕಬ್ಬಿಣದ ಮೇಲೆ ಕಣ್ಣಾರೆ ಓದಿ ಆರ್‌ಸಿಗೆ ತಾಳೆ ನೋಡಬೇಕು.

ಗಾಡಿ ಮನೆಗೆ ಬಂದಾಗ

ಯಾದಗಿರಿ ಆರ್‌ಟಿಒ ಕಚೇರಿಯ ನೋಂದಣಿ ಕೆಎ-33. ಟ್ರಾಲಿಗೆ ಬೇರೆಯೇ ನೋಂದಣಿ ಆಗಬೇಕು, ವಿಮಾ ಪಾಲಿಸಿಯಲ್ಲಿ ಅದರ ಹೆಸರೂ ಇರಬೇಕು. ಓಡಿಸುವವರ ಹತ್ತಿರ ಎಲ್‌ಎಂವಿ ಲೈಸೆನ್ಸ್ ಇರಲೇಬೇಕು. ಹತ್ತಿ ಬಿಡಿಸಲು ಹೋಗುವ ಹೆಣ್ಣುಮಕ್ಕಳನ್ನು ಟ್ರಾಲಿಯಲ್ಲಿ ತುಂಬಿಕೊಂಡು ಹೋಗುವುದು ಈ ಭಾಗದ ಹಳೆ ರೂಢಿ. ಕೃಷಿ ಟ್ರ್ಯಾಕ್ಟರಿನ ವಿಮೆ ಜನ ಸಾಗಿಸಲು ಅಲ್ಲ. ಮಿನಿ ಗಾಡಿ ಹಗುರ, ಅದರ ಬ್ರೇಕ್ ತುಂಬಿದ ಟ್ರಾಲಿಯನ್ನು ಇಳಿಜಾರಿನಲ್ಲಿ ಹಿಡಿಯುವುದಿಲ್ಲ. ಕಾಲುವೆ ಏರಿಯ ಮೇಲೆ ಅದು ಜೀವಕ್ಕೇ ಎರವಾಗುತ್ತದೆ.

ಮೊದಲ ಸರ್ವೀಸ್ ಸಾಮಾನ್ಯವಾಗಿ 50 ಗಂಟೆಗೆ. ಅದನ್ನು ತಪ್ಪಿಸಿದರೆ ವಾರಂಟಿಗೆ ತಕರಾರು ಬರುತ್ತದೆ. ಮೊದಲ 50 ಗಂಟೆ ಭಾರವಾದ ರೋಟವೇಟರ್ ಕೆಲಸಕ್ಕೆ ಹಚ್ಚದೆ ಹರಗಲು, ಸಿಂಪಡಿಸಲು ಬಳಸಬೇಕು. ಬೇಸಿಗೆಯ ಯರಿ ಧೂಳಿನಲ್ಲಿ ಏರ್ ಕ್ಲೀನರನ್ನು ದಿನಕ್ಕೊಮ್ಮೆ ಬಿಚ್ಚಿ ನೋಡಬೇಕು. ಆಯಿಲ್ ಬಟ್ಟಲಿನ ಏರ್ ಕ್ಲೀನರ್ ಆದರೆ ತಳದಲ್ಲಿ ಬೆರಳಗಲ ಕೆಸರು ಕಂಡ ಕೂಡಲೇ ಆಯಿಲ್ ಬದಲಿಸಬೇಕು. ಪ್ರತಿ ದಿನ ಮೀಟರಿನ ಗಂಟೆ, ಹಾಕಿಸಿದ ಡೀಸೆಲ್, ಯಾರ ಹೊಲಕ್ಕೆ ಹೋಯಿತು, ಬಾಕಿ ಎಷ್ಟು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಬಾಡಿಗೆ ದರವನ್ನು ಪಕ್ಕದ ಗಾಡಿಯವನು ಹೇಳಿದಂತೆ ಕಟ್ಟದೆ, ಒಂದು ಹಂಗಾಮಿನ ಆ ಬರಹ ನೋಡಿ ಗೊತ್ತುಮಾಡಬಹುದು.