ಅರ್ಥ ಕಣದಲ್ಲಿದೆ, ತೋರಿಸಿ

ಪುಟ್ಟ ಮಕ್ಕಳು ‘ಡ್ರೈ’ ಅಂದರೇನು ಎಂದು ಕೇಳಿದರೆ ನಿಘಂಟು ಕಪಾಟಿನಲ್ಲೇ ಇರಲಿ. ಜನವರಿಯಾದರೆ ಕಾಫಿ ಒಣಗಿಸುವ ಕಣಕ್ಕೆ ಕರೆದೊಯ್ಯಿರಿ. ಹಸಿ ಹಣ್ಣೊಂದು, ಒಣಗಿ ಕಪ್ಪಾದದ್ದೊಂದು ಕೈಗಿಡಿ. ಒಣಗಿದ್ದನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಎನ್ನುತ್ತದೆ. ‘ಇದರಲ್ಲಿ ನೀರಿಲ್ಲ’ ಎಂದರೆ ಸಾಕು. ‘ತೇವಾಂಶರಹಿತ’ ಅಂದಿರೋ, ಅದಕ್ಕೂ ಅರ್ಥ ಹೇಳುತ್ತಾ ಕೂರಬೇಕು!

ನಮ್ಮ ಕೊಡಗಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಯರವ ಮಾತಾಡುವ ಮನೆಗಳಿವೆ. ಅನೇಕರಿಗೆ ಶಾಲೆಯ ಕನ್ನಡವೇ ಎರಡನೆಯದು. ಹಾಗಾಗಿ ಮೊದಲು ಮನೆಮಾತಿನಲ್ಲಿ ಹೇಳಿ, ಆಮೇಲೆ ಇಂಗ್ಲಿಷ್. ‘ಅಂಬ್ರೆಲಾ’ವನ್ನು ನಮ್ಮ ಜುಲೈ ಕಲಿಸುತ್ತದೆ, ಬಿಡಿ. ಆದರೆ ‘ಸಾರಿ’, ‘ಪ್ರಾಮಿಸ್’ನಂಥವನ್ನು ಮುಟ್ಟಿ ತೋರಿಸಲಾಗದು. ಅಲ್ಲಿ ‘ಇದನ್ನು ಯಾವಾಗ ಹೇಳ್ತೀವಿ?’ ಎಂದು ಕೇಳಿ, ಸಂದರ್ಭವನ್ನು ಮಗುವಿನ ಬಾಯಲ್ಲೇ ಹೇಳಿಸಿ.