ಐದು ಗುಂಟೆಯಲ್ಲಿ ದ್ರಾಕ್ಷಿ: ಸಾಲು ಮತ್ತು ಅಂತರದ ಲೆಕ್ಕ

ದ್ರಾಕ್ಷಿ ಬಳ್ಳಿಗಳ ನಡುವಿನ ಅಂತರವನ್ನು ಮೊದಲು ತಳಿ, ಆಮೇಲೆ ಅದನ್ನು ಹಬ್ಬಿಸುವ ವಿಧಾನ ನಿರ್ಧರಿಸುತ್ತವೆ. ಜಾಗದ ಅಳತೆಯ ಸರದಿ ಕೊನೆಗೆ. ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಕಡೆ ಕಲ್ಲುಕಂಬದ ಚಪ್ಪರದ ಮೇಲೆ ಹಬ್ಬುವ ಬೆಂಗಳೂರು ಬ್ಲೂ ಸೊಕ್ಕಿ ಬೆಳೆಯುವ ತಳಿ. ಒಂದು ಬಳ್ಳಿಗೆ 15×10 ಅಡಿ ಬಿಟ್ಟರೂ ಹೆಚ್ಚಲ್ಲ. ವಿಜಯಪುರ, ಬಾಗಲಕೋಟೆ ಭಾಗದ ಥಾಮ್ಸನ್ ಸೀಡ್‌ಲೆಸ್ ಮತ್ತು ಅದರ ಬಳಗದ ತಳಿಗಳಿಗೆ ವೈ ಆಕಾರದ ಕಂಬಗಳ ಮೇಲೆ 9×5 ಅಡಿ ಅಥವಾ ಅದರ ಆಸುಪಾಸಿನ ಅಂತರ ಸಾಕಾಗುತ್ತದೆ. ಹವ್ಯಾಸಕ್ಕೆ ಬೆಳೆಸುವವರಿಗೆ ವೈ ಪದ್ಧತಿಯೇ ಅನುಕೂಲ. ಖರ್ಚು ಚಪ್ಪರಕ್ಕಿಂತ ಕಡಿಮೆ, ಕತ್ತೆತ್ತಿಕೊಂಡು ಕೆಲಸ ಮಾಡುವ ಕಷ್ಟವೂ ಇಲ್ಲ.

ಗಿಡ ಒತ್ತೊತ್ತಾಗಿ ನೆಟ್ಟರೆ ಹಣ್ಣು ಜಾಸ್ತಿ ಎಂಬ ಆಸೆ ಸಣ್ಣ ತೋಟಗಳನ್ನೇ ಹೆಚ್ಚು ಕಾಡುತ್ತದೆ. ಫ್ರಾನ್ಸಿನ ಬರ್ಗಂಡಿಯಲ್ಲಿ ಹೆಕ್ಟೇರಿಗೆ 10,000ದಷ್ಟು ಬಳ್ಳಿಗಳಿರುವುದು ನಿಜ. ಆದರೆ ಅಲ್ಲಿ ಚಳಿಗಾಲಕ್ಕೆ ಬಳ್ಳಿ ಎಲೆ ಉದುರಿಸಿ ಸುಮ್ಮನಾಗುತ್ತದೆ. ಇಲ್ಲಿ ಆ ವಿಶ್ರಾಂತಿಯಿಲ್ಲ. ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ಎರಡು ಸಲ ಚಾಟ್ನಿ (ಬಳ್ಳಿ ಸವರುವಿಕೆ) ಮಾಡಿದರೂ ಮತ್ತೆ ಚಿಗುರುತ್ತದೆ. ಡಾಗ್‌ರಿಜ್ ಬೇರುಸಸಿಯ ಮೇಲೆ ಕಸಿ ಕಟ್ಟಿದ್ದರೆ ಬೆಳವಣಿಗೆ ಇನ್ನೂ ಜೋರು. ಎಲೆಗಳು ಒಂದರ ಮೇಲೊಂದು ಬಿದ್ದು ಗಾಳಿಯಾಡದಿದ್ದರೆ ಮಳೆಯ ತೇವ ಆರುವುದಿಲ್ಲ, ಡೌನಿ ರೋಗ ಬೇಗ ಹರಡುತ್ತದೆ. ಆದ್ದರಿಂದ ಆರೈಕೆಗೆ ವಾರದಲ್ಲಿ ಒಂದೆರಡು ದಿನ ಮಾತ್ರ ಸಿಗುವವರು 5 ಅಡಿಯ ಬದಲು 6 ಅಡಿ ಬಿಡುವುದು ಲೇಸು.

ಸಾಲು ಉತ್ತರ–ದಕ್ಷಿಣವಾಗಿರಬೇಕು. ಅಕ್ಟೋಬರ್ ಚಾಟ್ನಿಯ ಫಸಲು ಬಲಿಯುವ ತಿಂಗಳುಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಪೂರ್ವ–ಪಶ್ಚಿಮದ ಸಾಲಿನಲ್ಲಿ ಆಗ ದಕ್ಷಿಣದ ಮೈಗೆ ಬಿಸಿಲು, ಉತ್ತರದ ಮೈಗೆ ನೆರಳು. ಉತ್ತರ–ದಕ್ಷಿಣದ ಸಾಲಿಗೆ ಬೆಳಗಿನ ಬಿಸಿಲು ಒಂದು ಬದಿಗೆ, ಸಂಜೆಯದು ಇನ್ನೊಂದು ಬದಿಗೆ ಸಿಗುತ್ತದೆ. ಜಾಗ ಇಳಿಜಾರಾಗಿದ್ದರೆ ಮಾತ್ರ ಈ ನಿಯಮ ಬಿಟ್ಟು, ಮಣ್ಣು ಕೊಚ್ಚಿಹೋಗದಂತೆ ಇಳಿಜಾರಿಗೆ ಅಡ್ಡಲಾಗಿ ಸಾಲು ಹಾಕಬೇಕು. ಬದುವಿನ ಮೇಲೆ ಹೊಂಗೆ, ಬೇವಿನ ದೊಡ್ಡ ಮರಗಳಿದ್ದರೆ ಆ ಬದಿಯಲ್ಲಿ 15–20 ಅಡಿ ಖಾಲಿ ಬಿಡುವುದು ಅನಿವಾರ್ಯ.

ಇನ್ನು ಲೆಕ್ಕ. ಐದು ಗುಂಟೆ ಎಂದರೆ 5,445 ಚದರ ಅಡಿ. ಪೂರ್ವ–ಪಶ್ಚಿಮ 66 ಅಡಿ, ಉತ್ತರ–ದಕ್ಷಿಣ 82½ ಅಡಿ ಇದೆ ಎಂದುಕೊಳ್ಳಬಹುದು. ಎರಡು ಪಕ್ಕಗಳಲ್ಲಿ 6 ಅಡಿ ಬಿಟ್ಟರೆ ಉಳಿಯುವ 54 ಅಡಿಯಲ್ಲಿ 9 ಅಡಿಗೊಂದರಂತೆ ಏಳು ಸಾಲು ಕೂರುತ್ತವೆ. ಸಾಲಿನ ತುದಿಗಳಲ್ಲಿ ತಲಾ 8 ಅಡಿಗಿಂತ ಕಡಿಮೆ ಬಿಡಬಾರದು. ತುದಿಕಂಬ ತಂತಿಯ ಎಳೆತಕ್ಕೆ ವಾಲದಂತೆ ಹೊರಗಡೆಗೆ ಕಟ್ಟುವ ಎಳೆತಂತಿಯೇ 4–5 ಅಡಿ ನುಂಗುತ್ತದೆ. ತಳ್ಳುಗಾಡಿ ತಿರುಗಲು ಉಳಿಯುವುದು ಮಿಕ್ಕಿದ್ದಷ್ಟೇ. ನಕ್ಷೆ ಬರೆಯುವಾಗ ಬಹಳಷ್ಟು ಮಂದಿ ಮರೆಯುವುದು ಇದನ್ನೇ. ಮಿನಿ ಟ್ರ್ಯಾಕ್ಟರ್ ತರುವ ಉದ್ದೇಶವಿದ್ದರೆ ಜಾಗ ಇನ್ನೂ ಬೇಕು.

ಹೀಗೆ ಎರಡು ತುದಿಗಳನ್ನು ಬಿಟ್ಟು 66 ಅಡಿ ಉದ್ದದ ಸಾಲು ಸಿಗುತ್ತದೆ. ಮೊದಲ ಗಿಡ ತುದಿಕಂಬದಿಂದ 3 ಅಡಿಗೆ, ಆಮೇಲೆ 6 ಅಡಿಗೊಂದು. ಸಾಲಿಗೆ 11, ಒಟ್ಟು 77 ಬಳ್ಳಿ. ಕಂಬಗಳನ್ನು 0, 18, 36, 54 ಮತ್ತು 66ನೇ ಅಡಿಗೆ ನೆಟ್ಟರೆ ಪ್ರತಿ ಕಂಬವೂ ಗಿಡಗಳ ನಡುವೆ ಬೀಳುತ್ತದೆ, ಕಾಂಡಕ್ಕೆ ತಗಲುವುದಿಲ್ಲ. ಇದೇ ಜಾಗದಲ್ಲಿ ಬೆಂಗಳೂರು ಬ್ಲೂ ಚಪ್ಪರ ಹಾಕಿದರೆ 30ರ ಆಸುಪಾಸಿನ ಬಳ್ಳಿಗಳು ಸಾಕು.

ನೆಲದ ಮೇಲೆ ಗುರುತು ಹಾಕುವಾಗ ಉದ್ದದ ಒಂದು ಬದಿಗೆ ಹುರಿ ಕಟ್ಟಿ, ಅದರ ತುದಿಯಲ್ಲಿ 9, 12, 15 ಅಡಿಯ ತ್ರಿಕೋನದಿಂದ ಮೂಲೆಮಟ್ಟ ತೆಗೆಯಬೇಕು. ಸಾಲುಗಳು ಬರುವ 54×66 ಅಡಿ ಜಾಗದ ನಾಲ್ಕು ಮೂಲೆಗೂ ಗೂಟ ಬಿದ್ದ ಮೇಲೆ ಕರ್ಣಗಳನ್ನು ಅಳೆದರೆ ಎರಡೂ ಸುಮಾರು 85 ಅಡಿ 3 ಇಂಚು ಬರಬೇಕು. ಗಿಡದ ಗುರುತುಗಳನ್ನು ಒಂದರಿಂದ ಇನ್ನೊಂದಕ್ಕೆ ಅಳೆಯುತ್ತ ಹೋದರೆ ಇಂಚಿಂಚಿನ ತಪ್ಪು ಕೂಡುತ್ತ ಹೋಗುತ್ತದೆ. ಟೇಪನ್ನು ತುದಿಕಂಬದಿಂದ ಪೂರ್ತಿ ಎಳೆದು 3, 9, 15 ಎಂದು ಗುರುತಿಸುವುದೇ ಸರಿ.

ಬಳಿಕ ಸಾಲಿನುದ್ದಕ್ಕೂ ಎರಡೂವರೆ ಅಡಿ ಅಗಲ, ಅಷ್ಟೇ ಆಳದ ಕಾಲುವೆ ತೋಡಿ ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಬೇಕು. ಅಗೆಯುವಾಗ ಗೂಟಗಳು ಕಿತ್ತುಬರುವುದರಿಂದ ಸಾಲಿನ ಎರಡು ತುದಿಗಳ ಆಚೆ ಇನ್ನೊಂದು ಜೊತೆ ಗೂಟ ಹೊಡೆದಿಟ್ಟುಕೊಳ್ಳಬೇಕು. ಮಣ್ಣು ಒಂದೆರಡು ಮಳೆಗೆ ಕುಸಿದು ಕೂತ ಮೇಲೆ ಅದೇ ಗೂಟಗಳಿಗೆ ಹುರಿ ಕಟ್ಟಿ ಕಂಬ ನಿಲ್ಲಿಸಿ, ಹನಿ ನೀರಾವರಿಯ ಪೈಪು ಎಳೆದು ಸಸಿ ನೆಡಬಹುದು.