ಭೀಮಸೇನದೇವರ ಅರ್ಧಪಾಲು

ಏಕಚಕ್ರಾನಗರದಲ್ಲಿ ಪಾಂಡವರು ಬ್ರಾಹ್ಮಣವೇಷದಿಂದ ಭಿಕ್ಷೆ ಬೇಡಿ ಜೀವಿಸುತ್ತಿದ್ದ ಕಾಲದಲ್ಲಿ, ತಂದ ಭಿಕ್ಷಾನ್ನವನ್ನು ಪ್ರತಿದಿನವೂ ಎರಡು ಭಾಗ ಮಾಡುತ್ತಿದ್ದರು. ಒಂದು ಭಾಗ ಭೀಮಸೇನದೇವರಿಗೆ. ಇನ್ನೊಂದು ಭಾಗವನ್ನು ಕುಂತೀದೇವಿಯೂ ಉಳಿದ ನಾಲ್ವರು ಮಕ್ಕಳೂ ಹಂಚಿಕೊಂಡು ಉಣ್ಣುತ್ತಿದ್ದರು. ಆರು ಜನರ ಮನೆಯಲ್ಲಿ ಒಬ್ಬರಿಗೆ ಅರ್ಧ, ಐವರಿಗೆ ಅರ್ಧ. ಆದಿಪರ್ವದಲ್ಲಿ ಈ ಮಾತು ಸ್ಪಷ್ಟವಾಗಿದೆ. ಇದಕ್ಕಾಗಿ ಆ ಮನೆಯಲ್ಲಿ ಯಾರೂ ಗೊಣಗಿದಂತೆ ಕಾಣುವುದಿಲ್ಲ.

ನಮ್ಮ ಶಾಖೆಯ ಭಾನುವಾರದ ಪಾಠದಲ್ಲಿ ಈ ಭಾಗ ಬಂದಾಗ ತರುಣರೊಬ್ಬರು ಎದ್ದು, “ರಾಯರೇ, ನಮ್ಮ ಸಿದ್ಧಾಂತವೇ ತಾರತಮ್ಯವನ್ನು ಒಪ್ಪುತ್ತದೆ. ಹೀಗಿರುವಾಗ ಕೆಲವರು ಕೋಟ್ಯಧೀಶ್ವರರು, ಕೆಲವರು ದರಿದ್ರರು ಎಂದು ಕೊರಗುವುದೇಕೆ? ಅತಿ ಶ್ರೀಮಂತರು ಹೆಚ್ಚು ತೆರಿಗೆ ಕೊಡಬೇಕೆಂಬುದು ಸಿದ್ಧಾಂತಕ್ಕೆ ವಿರುದ್ಧವಲ್ಲವೆ?” ಎಂದು ಕೇಳಿದರು. ಅಂದು ತೀರ್ಥಪ್ರಸಾದದ ಹೊತ್ತಾಗಿತ್ತು, ಉತ್ತರಿಸಲಾಗಲಿಲ್ಲ. ಪ್ರಶ್ನೆ ಮಾತ್ರ ಅಲ್ಲಿಗೆ ಬಿಡುವಂಥದಲ್ಲ. ಇದೇ ಮಾತನ್ನು ನಗರಗಳ ಎಷ್ಟೋ ಆಸ್ತಿಕರ ಬಾಯಿಂದ ನಾವು ಕೇಳಿದ್ದೇವೆ.

ಪಂಚಭೇದವು ಸತ್ಯ, ತಾರತಮ್ಯವು ನಿತ್ಯ, ಇದರಲ್ಲಿ ಸಂಶಯವಿಲ್ಲ. ಆದರೆ ಶ್ರೀಮದಾಚಾರ್ಯರು ಸಾಧಿಸಿದ ತಾರತಮ್ಯವು ಜೀವಸ್ವರೂಪಕ್ಕೆ ಸೇರಿದ್ದು. ಜ್ಞಾನ, ಭಕ್ತಿ, ಆನಂದಗಳ ಆ ತಾರತಮ್ಯ ಮುಕ್ತಿಯಲ್ಲಿಯೂ ಉಳಿಯುತ್ತದೆ. ಹಣವಾದರೋ ಪ್ರಾರಬ್ಧದಿಂದ ಬಂದು, ದೇಹಕ್ಕಿಂತ ಮೊದಲೋ ದೇಹದೊಡನೆಯೋ ಬಿಟ್ಟುಹೋಗುವ ವಸ್ತು. ತೈತ್ತಿರೀಯದ ಆನಂದಮೀಮಾಂಸೆಯನ್ನು ನೆನೆಯಬಹುದು. ಯುವಕ, ಅಧ್ಯಯನಸಂಪನ್ನ, ಬಲಿಷ್ಠ, ಮೇಲಾಗಿ ಧನದಿಂದ ತುಂಬಿದ ಸಮಸ್ತ ಪೃಥ್ವಿಯೂ ಅವನದೇ. ಅಂಥವನ ಆನಂದವನ್ನು ಶ್ರುತಿಯು ಕೇವಲ ಒಂದು ಎಂದು ಎಣಿಸಿ, ಅಲ್ಲಿಂದ ನೂರ್ಮಡಿ ನೂರ್ಮಡಿಯಾಗಿ ಮೇಲೇರುತ್ತದೆ. ಇಡೀ ಭೂಮಿಯ ಒಡೆಯನು ನಿಂತಿರುವುದು ಕೆಳಗಿನ ಮೆಟ್ಟಿಲಿನಲ್ಲಿ! ಕುಬೇರರ ವಾರ್ಷಿಕ ಪಟ್ಟಿಯನ್ನು ತಾರತಮ್ಯದ ಪಟ್ಟಿಯೆಂದು ಓದುವುದು ಅಪಸಿದ್ಧಾಂತವೇ ಸರಿ.

ಇನ್ನೂ ಒಂದು ಸಂಗತಿಯುಂಟು. ನಮ್ಮ ತಾರತಮ್ಯದಲ್ಲಿ ಮೇಲಿರುವವರ ಹೊರೆಯೇ ಹೆಚ್ಚು. ಜೀವೋತ್ತಮರಾದ ವಾಯುದೇವರು ಪ್ರತಿಯೊಂದು ಜೀವನೊಳಗೂ ನಿಂತು ದಿನಕ್ಕೆ 21,600 ಶ್ವಾಸಜಪ ಮಾಡುತ್ತಾರೆಂದು ನಮ್ಮ ಮಕ್ಕಳೂ ಬಲ್ಲರು. ಅವರ ಅವತಾರವೇ ಆ ಅರ್ಧಪಾಲನ್ನು ಉಂಡದ್ದು. ಉಂಡ ಮೇಲೆ ನಡೆದದ್ದೇನು ಎಂಬುದನ್ನು ನೋಡೋಣ.

ಏಕಚಕ್ರೆಗೆ ಬಕಾಸುರನು ಒಂದು ಕರವನ್ನು ವಿಧಿಸಿದ್ದನು. ಒಂದು ಬಂಡಿ ಅನ್ನ, ಎರಡು ಕೋಣ, ಅವನ್ನು ಒಯ್ಯುವ ಒಬ್ಬ ಮನುಷ್ಯ. ಸರದಿಯಂತೆ ಮನೆಮನೆಯಿಂದ. ಉಳ್ಳವನ ಮನೆಗೂ ಅದೇ, ಇಲ್ಲದವನ ಮನೆಗೂ ಅದೇ. ಆ ದೇಶದ ರಾಜನು ವೇತ್ರಕೀಯದಲ್ಲಿ ಸುಮ್ಮನೆ ಕುಳಿತಿದ್ದಾನೆ, ಉಪಾಯ ಮಾಡುವುದಿಲ್ಲ ಎಂದು ಪಾಂಡವರಿಗೆ ಆಶ್ರಯವಿತ್ತ ಬ್ರಾಹ್ಮಣನು ದುಃಖಿಸುತ್ತಾನೆ. ಅವನ ಮಾತಿನಲ್ಲಿ ನಾವು ಸಾಮಾನ್ಯವಾಗಿ ಗಮನಿಸದೆ ದಾಟುವ ಒಂದು ವಾಕ್ಯವಿದೆ: ಬೇರೊಬ್ಬ ಮನುಷ್ಯನನ್ನು ಕೊಂಡು ಕಳುಹಿಸಲು ತನ್ನಲ್ಲಿ ಹಣವಿಲ್ಲ ಎನ್ನುತ್ತಾನೆ. ಹಣವಿದ್ದವನಿಗೆ ಆ ದಾರಿ ತೆರೆದಿತ್ತು ಎಂದೇ ಇದರ ಅರ್ಥ. ಸರದಿ ಎಲ್ಲರಿಗೂ ಸಮಾನ. ತಪ್ಪಿಸಿಕೊಳ್ಳುವ ಬಾಗಿಲು ಮಾತ್ರ ಧನಿಕನಿಗೆ.

ಈಗ ನಮ್ಮ ಕಾಲಕ್ಕೆ ಬರೋಣ. 2024ರ ಮಾರ್ಚಿಯಲ್ಲಿ ವಿಶ್ವ ಅಸಮಾನತಾ ಪ್ರಯೋಗಾಲಯದ ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನದಂತೆ, 2022-23ರಲ್ಲಿ ಭಾರತದ ಮೇಲ್ತುದಿಯ ಶೇ. 1 ಜನರ ಪಾಲಿಗೆ ದೇಶದ ಆದಾಯದ ಶೇ. 22.6, ಸಂಪತ್ತಿನ ಶೇ. 40.1 ಸೇರಿತ್ತು. ನಮ್ಮ ದೇಶದ ಅಂಕಿ-ಅಂಶಗಳ ಗುಣಮಟ್ಟ ಸಾಲದೆಂದು ಅವರೇ ಎಚ್ಚರಿಸಿದ್ದಾರೆ. ಲೆಕ್ಕ ಸ್ವಲ್ಪ ಅತ್ತಿತ್ತ ಆಗಬಹುದು. ಅರ್ಧಪಾಲಿನ ಸಮೀಪ ಬಂದಿದೆ ಎಂಬುದಂತೂ ತಿಳಿಯುತ್ತದೆ. ಆರರಲ್ಲಿ ಒಬ್ಬರಿಗಲ್ಲ, ನೂರರಲ್ಲಿ ಒಬ್ಬರಿಗೆ.

ಕರದ ಹೊರೆ ಯಾರ ಮೇಲೆ? ಸಂಬಳದವನಿಗೆ ಹಣ ಕೈಸೇರುವ ಮೊದಲೇ ತೆರಿಗೆ ಕಡಿತವಾಗಿರುತ್ತದೆ. 2025-26ರ ಹೊಸ ಪದ್ಧತಿಯ ದರದಲ್ಲಿ ಅತಿ ದೊಡ್ಡ ಸಂಬಳದ ಮೇಲಿನ ತುದಿಗೆ ಮೇಲ್ತೆರಿಗೆ, ಉಪಕರ ಸೇರಿ ಶೇ. 39 ಬೀಳುತ್ತದೆ. ಅದೇ ವರ್ಷ, ಪೇಟೆಯಲ್ಲಿ ನೋಂದಾಯಿತವಾದ ಷೇರುಗಳನ್ನು ವರ್ಷಕ್ಕಿಂತ ಹೆಚ್ಚು ಕಾಲ ಇರಿಸಿಕೊಂಡು ಮಾರಿದ ಲಾಭಕ್ಕೆ ಮೂಲದರ ಶೇ. 12.5, ಎಷ್ಟೇ ಕೋಟಿಯಾದರೂ ಎಲ್ಲ ಸೇರಿ ಶೇ. 15ನ್ನು ಮೀರದು. ಮಾರದೆಯೇ ಇಟ್ಟುಕೊಂಡರೆ ಬೆಲೆ ನೂರ್ಮಡಿಯಾದರೂ ಏರಿಕೆಗೆ ತೆರಿಗೆಯಿಲ್ಲ. ಆ ಷೇರುಗಳ ಆಧಾರದ ಮೇಲೆ ಸಾಲ ಪಡೆದು ವೈಭವದಿಂದ ಬದುಕಬಹುದು; ಸಾಲವು ಆದಾಯವಲ್ಲ. ಮಕ್ಕಳಿಗೆ ಆಸ್ತಿ ಹೋಗುವಾಗಲೂ ತೆರಿಗೆಯಿಲ್ಲ. ಇವು ಯಾವುವೂ ಕಾನೂನುಬಾಹಿರವಲ್ಲ, ಇದನ್ನು ಗಮನಿಸಬೇಕು. ಅತ್ತ ಕೂಲಿಯವನು ಸಾಬೂನು ಕೊಂಡರೂ ಕೋಟ್ಯಧಿಪತಿಯು ಕೊಂಡರೂ ಸರಕು ಮತ್ತು ಸೇವಾ ತೆರಿಗೆ ಒಂದೇ. ಏಕಚಕ್ರೆಯ ಸರದಿಯೂ ಹೀಗೆಯೇ ಇತ್ತಲ್ಲವೆ?

ನಾವು ರೈಲ್ವೆಯ ಸರಕು ದರಪಟ್ಟಿಯೊಡನೆ ಬಹುಕಾಲ ಹೆಣಗಿದವರು. ಅಲ್ಲಿ ಒಂದು ವ್ಯಾಗನ್ ಉಪ್ಪಿಗೂ ಅಷ್ಟೇ ತೂಕದ ಸಿಮೆಂಟಿಗೂ ಒಂದೇ ಬಾಡಿಗೆಯಲ್ಲ. ಯಾವ ಸರಕು ಎಷ್ಟು ತಾಳಬಲ್ಲದೋ ಅದನ್ನು ನೋಡಿ ವರ್ಗ ನಿರ್ಣಯಿಸುತ್ತಾರೆ. ಉಪ್ಪಿಗೆ ತೋರಿಸುವ ದಯೆಯನ್ನು ಮನುಷ್ಯರಿಗೆ ತೋರಿಸಬಾರದೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ.

ಮರಳಿ ಕಥೆಗೆ. ಬಕನ ಬಳಿಗೆ ಭೀಮಸೇನದೇವರನ್ನು ಕಳುಹಿಸಲು ಕುಂತಿಯು ಒಪ್ಪಿದ್ದನ್ನು ಕೇಳಿ ಧರ್ಮರಾಜನು ಆಕ್ಷೇಪಿಸುತ್ತಾನೆ. ಯಾರ ಬಾಹುಬಲವನ್ನು ನಂಬಿ ನಾವೆಲ್ಲ ನೆಮ್ಮದಿಯಿಂದ ನಿದ್ರಿಸುತ್ತೇವೆಯೋ, ಯಾರಿಂದ ಕಳೆದುಹೋದ ರಾಜ್ಯವನ್ನು ಮರಳಿ ಪಡೆಯಬೇಕೆಂದಿದ್ದೇವೆಯೋ, ಅಂಥವನನ್ನು ಅಪಾಯಕ್ಕೆ ಒಡ್ಡುವುದೆ? ಇಂದು ಸಂಪತ್ತಿನ ಮೇಲೆ ತೆರಿಗೆ ಎಂದೊಡನೆ ಕೇಳಿಬರುವ ವಾದವೂ ಇದೇ: ಉದ್ಯಮಗಳನ್ನು ಕಟ್ಟುವವರು ಇವರು, ಇವರನ್ನು ಮುಟ್ಟಿದರೆ ಬಂಡವಾಳ ಓಡಿಹೋಗುತ್ತದೆ, ನಮ್ಮ ಏಳಿಗೆ ಇವರನ್ನೇ ನಂಬಿದೆ. ಧರ್ಮರಾಜನ ಮಾತಾದ್ದರಿಂದ ಹಗುರವಾಗಿ ತಳ್ಳುವಂತಿಲ್ಲ. ಭೀಷ್ಮರೂ ಶಾಂತಿಪರ್ವದಲ್ಲಿ ಧನಿಕರು ರಾಜ್ಯದ ದೊಡ್ಡ ಅಂಗ, ಅವರನ್ನು ಗೌರವಿಸಬೇಕು ಎಂದೇ ಉಪದೇಶಿಸುತ್ತಾರೆ.

ಕುಂತಿಯ ಉತ್ತರವನ್ನು ಕೇಳಿ. ಈ ಬ್ರಾಹ್ಮಣನ ಮನೆಯಲ್ಲಿ ದುರ್ಯೋಧನನ ಕಣ್ಣಿಗೆ ಬೀಳದೆ ಸುಖವಾಗಿ ಇದ್ದೇವೆ. ಪಡೆದ ಉಪಕಾರವು ಯಾರಲ್ಲಿ ನಷ್ಟವಾಗುವುದಿಲ್ಲವೋ ಅವನೇ ಪುರುಷ. ಇನ್ನೊಬ್ಬರು ಮಾಡಿದ್ದಕ್ಕಿಂತ ಅನೇಕಪಟ್ಟು ಹೆಚ್ಚಾಗಿ ಹಿಂತಿರುಗಿಸಬೇಕು ಎನ್ನುತ್ತಾಳೆ. ಭೀಮಸೇನದೇವರು ಉಂಡ ಅರ್ಧಪಾಲು ಏಕಚಕ್ರೆಯ ಮನೆಗಳ ಭಿಕ್ಷೆಯೇ ಆಗಿತ್ತು ಎಂಬುದನ್ನು ಮರೆಯಬಾರದು. ಧನಿಕನ ಸಂಪತ್ತೂ ಹಾಗೆಯೇ. ಬಂದರು, ರಸ್ತೆ, ಹಳಿ, ನ್ಯಾಯಾಲಯ, ಸರ್ಕಾರಿ ಶಾಲೆಯಲ್ಲಿ ಕಲಿತು ಬಂದ ನೌಕರ, ಇವೆಲ್ಲ ಊರವರ ಭಿಕ್ಷೆ. ತಾನೊಬ್ಬನೇ ಗಳಿಸಿದೆನೆಂಬ ಮಾತು ಸ್ವತಂತ್ರಕರ್ತೃತ್ವದ ಭ್ರಮೆ. ಅದನ್ನು ಖಂಡಿಸುವುದಕ್ಕಾಗಿಯೇ ನಮ್ಮ ಶಾಸ್ತ್ರ ಹೊರಟಿದೆ. ಭಾಗವತದ ಸಪ್ತಮಸ್ಕಂಧದಲ್ಲಿ ನಾರದರು ಧರ್ಮರಾಜನಿಗೆ ಹೇಳುವ ಗೃಹಸ್ಥಧರ್ಮ ಇನ್ನೂ ಕಠಿನ: ಹೊಟ್ಟೆ ತುಂಬುವಷ್ಟಕ್ಕೆ ಮಾತ್ರ ದೇಹಿಗೆ ಹಕ್ಕು, ಅದಕ್ಕಿಂತ ಹೆಚ್ಚಿನದನ್ನು ತನ್ನದೆನ್ನುವವನು ದಂಡಾರ್ಹನಾದ ಕಳ್ಳ.

ಹಾಗೆಂದು ಎಷ್ಟು ಬೇಕಾದರೂ ಕೀಳಬಹುದೆ? ರಾಜನು ಕರವನ್ನು ತೆಗೆದುಕೊಳ್ಳದೆ ತನ್ನ ಬೇರನ್ನು ಕಡಿದುಕೊಳ್ಳಬಾರದು, ಅತಿಯಾಸೆಯಿಂದ ಪ್ರಜೆಗಳ ಬೇರನ್ನೂ ಕಡಿಯಬಾರದು ಎಂದು ಮನುವು ಎರಡನ್ನೂ ಹೇಳುತ್ತಾನೆ. 1973-74ರಲ್ಲಿ ನಮ್ಮ ದೇಶದಲ್ಲಿ ಆದಾಯತೆರಿಗೆಯ ಗರಿಷ್ಠ ದರ ಶೇ. 97.75ಕ್ಕೆ ಏರಿತ್ತು, ಅದರಿಂದ ಬೆಳೆದದ್ದು ಬೊಕ್ಕಸಕ್ಕಿಂತ ಹೆಚ್ಚಾಗಿ ಕಪ್ಪುಹಣ. ಆನಂತರ ನಾವು ಇನ್ನೊಂದು ಬೇರಿಗೆ ಕೊಡಲಿ ಹಾಕಿದೆವು. 1953ರಲ್ಲಿ ಬಂದ ಎಸ್ಟೇಟ್ ಡ್ಯೂಟಿ 1985ರಲ್ಲಿ ಹೋಯಿತು. 1957ರ ಸಂಪತ್ತಿನ ತೆರಿಗೆಯನ್ನು 2015ರ ಮುಂಗಡಪತ್ರದಲ್ಲಿ ರದ್ದುಮಾಡಿದರು. 2013-14ರಲ್ಲಿ ಅದರಿಂದ ಬಂದದ್ದು ಸುಮಾರು 1,008 ಕೋಟಿ ರೂಪಾಯಿ ಮಾತ್ರ, ವಸೂಲಿಯ ಶ್ರಮಕ್ಕೆ ಸಾಲದು ಎಂಬುದು ಕಾರಣ. ಆದರೆ ಆ ತೆರಿಗೆಯು ನಿವೇಶನ, ಆಭರಣ, ಕಾರುಗಳಂಥವನ್ನು ಎಣಿಸಿ ಷೇರುಗಳನ್ನು ಬಿಟ್ಟಿತ್ತು; ನಿಜವಾದ ಐಶ್ವರ್ಯ ಇದ್ದದ್ದೇ ಷೇರುಗಳಲ್ಲಿ. ತೂತಿನ ಬಿಂದಿಗೆಯಲ್ಲಿ ನೀರು ನಿಲ್ಲಲಿಲ್ಲವೆಂದು ಬಾವಿಯನ್ನು ದೂರಿದಂತಾಯಿತು. ಆ ತೂತನ್ನು ಮುಚ್ಚಿ, ಮಿತವಾದ ದರದಲ್ಲಿ ಅತಿ ಶ್ರೀಮಂತರ ಸಂಪತ್ತಿನ ಮೇಲೆ ಮತ್ತೆ ತೆರಿಗೆ ತರುವುದು ನ್ಯಾಯವೆಂದೇ ನಮ್ಮ ಅಭಿಪ್ರಾಯ.

ಇಲ್ಲಿ ಕೆಲವು ವಾಚಕರು, ಅದೇ ಮನುವು ಶ್ರೋತ್ರಿಯನಿಂದ ಕರವನ್ನು ತೆಗೆದುಕೊಳ್ಳಬಾರದೆಂದೂ ಹೇಳಿದ್ದಾನಲ್ಲ ಎಂದು ನೆನಪಿಸಬಹುದು. ಹೇಳಿದ್ದಾನೆ, ನಿಜ. ಆ ವಿನಾಯಿತಿ ವೇದವನ್ನಲ್ಲದೆ ಬೇರೇನನ್ನೂ ಕೂಡಿಡದವನಿಗೆ. ಪವಾಯಿಯಲ್ಲಿ ಒಂದು, ಹಿಂಜೆವಾಡಿಯಲ್ಲಿ ಒಂದು ಫ್ಲ್ಯಾಟು ಇಟ್ಟುಕೊಂಡಿರುವ ನಮ್ಮವರಿಗೆ ಅದು ಅನ್ವಯಿಸದು. ಕೊಡದ ಬಾಡಿಗೆಗೆ ತಂದೆಯವರಿಂದ ರಸೀದಿ ಬರೆಯಿಸುವುದು, ಮನೆ ಕೊಳ್ಳುವಾಗ ಸ್ವಲ್ಪ ಭಾಗ ಚೆಕ್ಕಿನಲ್ಲಿ, ಉಳಿದದ್ದು ನಗದಿನಲ್ಲಿ ಎನ್ನುವುದು, ಇವು ನಮ್ಮ ಪಂಕ್ತಿಗಳಲ್ಲಿಯೇ ನಗುತ್ತ ಆಡುವ ಮಾತುಗಳು. ದೊಡ್ಡವನು ದೊಡ್ಡ ಬಾಗಿಲಿನಿಂದ, ನಾವು ಕಿಟಕಿಯಿಂದ! ಮಠಕ್ಕೆ ಸೇವೆ ಸಲ್ಲಿಸಿದ್ದೇವೆ, ಇನ್ನು ಸರ್ಕಾರಕ್ಕೇಕೆ ಎಂಬ ಸಮಾಧಾನವೂ ಸಲ್ಲದು. ದಾನಕ್ಕೆ ದ್ರವ್ಯವು ನ್ಯಾಯಾರ್ಜಿತವಾಗಿರಬೇಕು. ಕೊಡಬೇಕಾದ ಕರವನ್ನು ಉಳಿಸಿಕೊಂಡ ಹಣದಲ್ಲಿ ಆ ಪಾಲು ನಮ್ಮದೇ ಅಲ್ಲ. ನಮ್ಮದಲ್ಲದ್ದನ್ನು ಕೃಷ್ಣನಿಗೆ ಅರ್ಪಿಸುವುದು ಹೇಗೆ?

ಬಕನನ್ನು ಕೊಂದ ಭೀಮಸೇನದೇವರು ಅವನ ದೇಹವನ್ನು ಊರಬಾಗಿಲಲ್ಲಿ ಎಸೆದು, ಯಾರಿಗೂ ಕಾಣದಂತೆ ಮನೆಗೆ ಮರಳಿದರು. ಬೆಳಗ್ಗೆ ಊರವರು ಅಂದಿನ ಸರದಿ ಯಾರದೆಂದು ಲೆಕ್ಕಹಾಕಿ ಬ್ರಾಹ್ಮಣನ ಬಳಿಗೆ ಬಂದರು. ಮಂತ್ರಸಿದ್ಧನಾದ ಒಬ್ಬ ಬ್ರಾಹ್ಮಣನು ತನ್ನ ಅಳುವನ್ನು ಕೇಳಿ ತಾನೇ ಅನ್ನವನ್ನು ಒಯ್ದನೆಂದು ಅವನು ಹೇಳಿದನು. ಊರಿನಲ್ಲಿ ಉತ್ಸವವಾಯಿತು. ಮರುದಿನವೂ ಪಾಂಡವರು ಎಂದಿನಂತೆ ಭಿಕ್ಷೆಗೆ ಹೊರಟರು. ಅದನ್ನು ನೀಡಿದ ಗೃಹಿಣಿಯರಿಗೆ ಯಾರ ಪಾತ್ರೆಗೆ ನೀಡುತ್ತಿದ್ದೇವೆಂಬುದು ತಿಳಿದಿರಲಿಲ್ಲ.

॥ ಶ್ರೀಕೃಷ್ಣಾರ್ಪಣಮಸ್ತು ॥